ಎರಡು ಎಕ್ಸ್‌ರೇ

ಒಂದೇ ಫೈಲಿನಲ್ಲಿ ಎರಡು ಎಕ್ಸ್‌ರೇ.
ಒಂದು ನಮ್ಮತ್ತೆ ಅಕ್ಕಯಮ್ಮನ ಸೊಂಟದ್ದು,
ಇನ್ನೊಂದು ಲೋಹಿತನ ಮಣಿಕಟ್ಟಿನದು.

ಶಾಲೆಯ ದಾಖಲೆಯಲ್ಲಿ ಅವನು ಹುಟ್ಟಿದ್ದು ಜೂನ್ ಒಂದು.
ಆ ತರಗತಿಯ ಅರ್ಧ ಮಕ್ಕಳು ಹುಟ್ಟಿದ್ದೂ ಅದೇ ದಿನ,
ಮೇಷ್ಟ್ರ ಪೆನ್ನಿನಿಂದ.
ಅದಕ್ಕೇ ಮೂಳೆಯನ್ನು ಕೇಳಿದರು, ನಿನಗೆಷ್ಟು ವಯಸ್ಸು ಅಂತ.
ಹದಿನಾರು, ಹೆಚ್ಚುಕಡಿಮೆ, ಅಂತು ಮೂಳೆ.

ಅವನ ಮೂಳೆ ಇನ್ನೂ ಕೂಡಿಕೊಂಡಿಲ್ಲ.
ಇವಳದು ಇನ್ನು ಕೂಡಿಕೊಳ್ಳುವುದಿಲ್ಲ.

ಬೆಳಗಿನ ಆರೂಕಾಲು, ತ್ಯಾಗರಾಜನಗರದ ಅಡ್ಡರಸ್ತೆ.
ಹಾಲಿನ ಪ್ಯಾಕೆಟ್ಟು ಹಿಡಿದು ಬರುತ್ತಿದ್ದವಳ ಕೊರಳಿಗೆ
ಹಿಂದಿನಿಂದ ಒಂದು ಕೈ.
ಸರ ಹೋಯಿತು, ಹಾಲು ಹೋಯಿತು,
ನಡಿಗೆ ಹೋಯಿತು.
ಗಾಡಿ ಓಡಿಸುತ್ತಿದ್ದವನಿಗೆ ಇಪ್ಪತ್ತಾರು.
ಅವನು ಇವತ್ತಿಗೂ ಸಿಕ್ಕಿಲ್ಲ.

ನನ್ನ ಇಸ್ತ್ರಿ ಗಾಡಿಯ ಮುಂದೆ ನಿಂತು
ಬೀದಿಯೆಲ್ಲ ತೀರ್ಪು ಕೊಟ್ಟಿತು.
ಕೈ ಕಡೀಬೇಕು, ಅಂದರು ಮೇಲ್ಮನೆ ಎಂಜಿನಿಯರು
ನಾಲ್ಕು ಶರ್ಟು ಎಣಿಸುತ್ತ.
ಪಾಪ, ಮಗು, ಬಿಟ್ಟುಬಿಡಿ, ಅಂದರು ಟೀಚರಮ್ಮ.
ಸೀರೆಗೆ ಗಂಜಿ ಜಾಸ್ತಿ ಬೇಡ, ಅಂತಲೂ ಅಂದರು.
ಇಬ್ಬರಿಗೂ ಅವನ ಮುಖ ನೋಡುವ ಕೆಲಸವಿರಲಿಲ್ಲ.

ನನಗೂ ಬೇಡವಾಗಿತ್ತು. ನಿಜ ಹೇಳುತ್ತೇನೆ,
ಪೆಟ್ಟಿಗೆಗೆ ಕೆಂಡ ತುಂಬುವಾಗ
ಅವನ ಬೆನ್ನು ನೆನೆಯುತ್ತಿದ್ದೆ.

ಮಂಡಳಿ ಅಂದರೆ ಕೋರ್ಟು ಅಂದುಕೊಂಡಿದ್ದೆ.
ಕಟಕಟೆ ಇರಲಿಲ್ಲ. ಪೊಲೀಸಪ್ಪ ಖಾಕಿ ಬಿಟ್ಟು
ಚೌಕಳಿ ಶರ್ಟಿನಲ್ಲಿ ಬಂದಿದ್ದ, ಇಸ್ತ್ರಿ ಇಲ್ಲದ್ದು.
ಅತ್ತೆಯನ್ನು ಆಟೋದಿಂದ ಎತ್ತಿ ತಂದು ಕೂರಿಸಿದೆವು,
ಹುಡುಗನ ಎದುರಿಗೇ.

ತಲೆ ಎತ್ತೋ, ಅಂದಳು.
ಎತ್ತಲಿಲ್ಲ.
ಎಷ್ಟು ಸಿಕ್ತು ನನ್ನ ಸರಕ್ಕೆ?
ಅಣ್ಣ ಮಾರಿದ್ದು. ನಂಗೆ ಎರಡು ಸಾವಿರ. ಒಂದು ಬಿರಿಯಾನಿ.
ಥೂ, ದಡ್ಡ ನನ್ಮಗನೆ!
ಹನ್ನೊಂದು ವರ್ಷ ಚೀಟಿ ಕಟ್ಟಿ ಮಾಡಿಸಿದ್ದು ಅದು.

ಮ್ಯಾಜಿಸ್ಟ್ರೇಟಮ್ಮ ಪೆನ್ನು ಕೆಳಗಿಟ್ಟರು.

ಅತ್ತೆ ಬಿಡಲಿಲ್ಲ.
ರಾತ್ರಿ ಬಚ್ಚಲಿಗೆ ಹೋಗೋಕೆ ಸೊಸೆನ ಎಬ್ಬಿಸಬೇಕು.
ದಿನಾ ನಿಂತು ದುಡಿಯೋಳು, ಎಬ್ಬಿಸೋಕೆ ಮನಸು ಬರಲ್ಲ.
ಬೆಳಕು ಹರಿಯೋ ತನಕ ತಡಕೊಂಡು ಮಲಗಿರ್ತೀನಿ.
ಗೊತ್ತಾ ನಿಂಗೆ?

ನನಗೇ ಗೊತ್ತಿರಲಿಲ್ಲ.

ಅವನು ಅಳಲಿಲ್ಲ. ಕಿವಿ ಎರಡೂ ಕೆಂಪಾದವು.
ಅಳುವುದು ಸುಲಭ, ಕಿವಿ ಸುಳ್ಳು ಹೇಳುವುದಿಲ್ಲ.

ನಂಗೆ ಇವನ ಶನಿವಾರ ಬೇಕು, ಅಂದಳು.
ಹಾಲಿನ ಬೂತಿನವರೆಗೆ ನಡೆಸಿಕೊಂಡು ಹೋಗಿ
ನಡೆಸಿಕೊಂಡು ಬರಲಿ.
ಎರಡೆರಡು ಸಲ ಕೇಳಿ ಬರೆದುಕೊಂಡರು:
ಮೂರು ತಿಂಗಳು, ಮೇಲ್ವಿಚಾರಕರ ಎದುರು.

ಮೊದಲ ಶನಿವಾರ
ಎಂಜಿನಿಯರು ಗೇಟು ಹಾಕಿಕೊಂಡರು.
ಪಾಪ ಅಂದಿದ್ದ ಟೀಚರಮ್ಮ
ಮಾಂಗಲ್ಯವನ್ನು ಸೆರಗಿನೊಳಕ್ಕೆ ಸರಿಸಿದರು.
ಅವನು ನೋಡಿದ. ನಾನೂ ನೋಡಿದೆ.
ಆ ಸೀರೆಯ ಮೇಲೆ ಪೆಟ್ಟಿಗೆ ಒಂದು ಕ್ಷಣ ಜಾಸ್ತಿ ನಿಂತಿತು.

ಬೂತಿಗೆ ನೂರಾ ನಲವತ್ತು ಹೆಜ್ಜೆ.
ಅತ್ತೆ ಹನ್ನೆರಡಕ್ಕೆ ನಿಂತಳು.
ಒಂದು ಕೈಲಿ ಊರುಗೋಲು, ಇನ್ನೊಂದರಲ್ಲಿ
ಎಕ್ಸ್‌ರೇ ತೆಗೆದ ಅದೇ ಮಣಿಕಟ್ಟು,
ಉಗುರು ನಾಟುವ ಹಾಗೆ.

ಐದನೇ ವಾರ ಮೂವತ್ತೊಂದು.

ಆರನೇ ಶನಿವಾರ ಅವನು ಬರಲಿಲ್ಲ.
ನಾವು ಹೇಳಿರಲಿಲ್ವಾ, ಅಂತು ಬೀದಿ
ಗೆದ್ದವರ ದನಿಯಲ್ಲಿ.
ಅತ್ತೆ ಬಾಗಿಲಲ್ಲೇ ಕೂತಿದ್ದಳು
ಹಾಲಿನವನು ಬೂತು ಮುಚ್ಚುವ ತನಕ.

ಏಳನೇ ವಾರ ಬಂದ. ತಡವಾಗಿ. ತುಟಿ ಊದಿತ್ತು.
ಅಣ್ಣ ಸಿಕ್ಕಿದ್ದ, ಅಂದ.
ಅಷ್ಟೇ.
ಊರಿಗೆಲ್ಲ ಬೇಕಾದ ಆ ಅಣ್ಣ
ಇವನೊಬ್ಬನಿಗೇ ಹೇಗೆ ಸಿಗುತ್ತಾನೆ?
ಈ ಪ್ರಶ್ನೆಗೆ ಎಕ್ಸ್‌ರೇ ಇಲ್ಲ.

ಈಗ ಅತ್ತೆ ನನ್ನನ್ನು ಎಬ್ಬಿಸುತ್ತಾಳೆ.
ನಿನ್ನೆ ರಾತ್ರಿ ಬಚ್ಚಲಿಗೆ ನಡೆಸುತ್ತ ಕೇಳಿದೆ:
ಸಾಕಲ್ಲ, ಕ್ಷಮಿಸಿಬಿಡಬಾರದಾ?

ಕ್ಷಮಿಸಿದ್ರೆ ಲೆಕ್ಕ ಮುಗೀತದೆ, ಅಂದಳು.
ಲೆಕ್ಕ ಮುಗಿದ್ರೆ ಅವನ್ಯಾಕೆ ಬರ್ತಾನೆ?

ಮತ್ತೆ, ಗೋಡೆ ಹಿಡಿದು ನಿಂತು:
ನಾಳೆ ಶನಿವಾರ. ಅಲಾರಂ ಇಡು.