ಎಂಟನೇ ವರ್ಗ

ಗದಗಿನ ಎರೆಮಣ್ಣಿನವಳು ನಾನು.
ಬೇಸಿಗೆಯಲ್ಲಿ ನಮ್ಮ ಹೊಲ ಬಾಯಿಬಿಟ್ಟರೆ
ಕುರಿಮರಿಯ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು;
ಮಳೆಯ ಮರುದಿನ ಚಪ್ಪಲಿ ಹೊಲದಲ್ಲೇ, ನಾವಷ್ಟೇ ಮನೆಗೆ.
ಮಣ್ಣೆಂದರೆ ಇಷ್ಟೇ ಅಂದುಕೊಂಡಿದ್ದೆ
ಮಣ್ಣು ಕೊರೆಯುವ ಬೈರಿಗೆ ಹೆಗಲಿಗೇರಿಸಿ
ಉಡುಪಿಯಲ್ಲಿ ಬಸ್ಸಿಳಿಯುವವರೆಗೆ.

ಕೆಲಸ ಸರಳ, ಎಂದಿದ್ದರು ಕಚೇರಿಯಲ್ಲಿ.
ತೋಡು, ನೋಡು, ನಾದು, ಬರೆ.
ಒಂದರಿಂದ ನಾಲ್ಕು ನೇಗಿಲಿಗೆ,
ಐದರಿಂದ ಏಳು ಹುಲ್ಲಿಗೆ, ಮರಕ್ಕೆ.
ಎಂಟು ಯಾವುದಕ್ಕೂ ಅಲ್ಲ.

ಶಿರ್ವದಿಂದಾಚೆ, ಅಕ್ಟೋಬರದ ಕೊನೆ.
ಬೈರಿಗೆ ತಿರುಗಿಸಲು ಸೆವ್ರಿನ್ ಮತಾಯಸ್.
ಅಕ್ಕು ಮೂಲ್ಯೆದಿಯನ್ನು ಯಾರೂ ಕಳಿಸಿರಲಿಲ್ಲ;
ದನ ಹುಡುಕುತ್ತ ಬಂದವಳು ಜೊತೆಗೆ ಉಳಿದಳು.

ತೋಡಿನ ಬದಿಯ ಬೈಲುಗದ್ದೆಯಲ್ಲಿ
ಒಂದೂವರೆ ಮೀಟರು ಕಬ್ಬಿಣ
ಹಿಟ್ಟಿನೊಳಗೆ ಬೆರಳಿಟ್ಟಂತೆ ಇಳಿಯಿತು.
"ಇದು ಬೈಲು. ಏಣೆಲು, ಸುಗ್ಗಿ, ಕೊಳಕೆ,
ಮೂರು ಬೆಳೆ ಉಂಟು," ಎಂದಳು ಅಕ್ಕು.
"ಅದರ ಮೇಲಿನದ್ದು ಮಜಲು, ಎರಡು.
ಬೆಟ್ಟುಗದ್ದೆಗೆ ಒಂದೇ, ಅದೂ ಮೇಲಿನವನು ಕೊಟ್ಟರೆ."
ನಾನು ಎರಡು ವರ್ಷ ಓದಿ ಪಾಸಾದದ್ದು
ಅವಳು ಎಲೆಯಡಿಕೆ ಹಾಕುವಷ್ಟರಲ್ಲಿ ಮುಗಿಯಿತು.

ನೀರು ನಿಲ್ಲುತ್ತದೆ, ಹಾಗಾಗಿ ಬೈಲಿಗೆ ಮೂರನೇ ವರ್ಗ ಎಂದೆ.
ಅವಳಿಗೆ ನಗು ತಡೆಯಲಾಗಲಿಲ್ಲ:
"ನೀರು ನಿಲ್ಲದಿದ್ದರೆ ಅದು ಎಂತ ಗದ್ದೆ, ಮಾರಾಯ್ತಿ?"

ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ
ಪಟ್ಟಿ ಎಳೆಯಬೇಕು; ಉದ್ದ ಬಂದಷ್ಟೂ ಜೇಡಿ ಹೆಚ್ಚು.
ನನ್ನದು ಎರಡಂಗುಲಕ್ಕೆ ಕಡಿಯಿತು.
ಕುಂಬಾರರ ಮನೆಯ ಕೈ ಅವಳದ್ದು,
ದಿನಕ್ಕೆ ಎಂಟುನೂರು ಬೀಡಿ ಸುತ್ತುವ ಬೆರಳು;
ಎಳೆದಳು, ಎಳೆದಳು, ಮೊಣಕೈವರೆಗೆ ತೂಗಿತು ಪಟ್ಟಿ.
"ಯಾರದ್ದು ಬರೆಯಲಿ, ಮೇಡಂ?" ಎಂದ ಸೆವ್ರಿನ್.
ಸರಾಸರಿ ಬರೆದೆವು.

ಬಣ್ಣದ ಪುಸ್ತಕದಲ್ಲಿ ಹಾಳೆ ಹಾಳೆಗೂ ತೂತು;
ಹಿಂದೆ ಮಣ್ಣಿನ ಹೆಂಟೆ ಹಿಡಿದು ಹೋಲಿಸಿ ನೋಡಬೇಕು.
ಅಕ್ಕು ತೂತಿಗೆ ಕಣ್ಣಿಟ್ಟು
ಗದ್ದೆಯನ್ನೂ ಸೆವ್ರಿನ್‌ನ ಮೀಸೆಯನ್ನೂ ನೋಡಿದಳು.
"ಇದರಲ್ಲಿ ಹಸಿರೇ ಇಲ್ಲವಲ್ಲ?"
ಇದು ಮಣ್ಣಿನ ಪುಸ್ತಕ, ಎಂದೆ.

ಬೊಳ್ಳೆಪದವಿಗೆ ಹತ್ತಿದಾಗ ಬಿಸಿಲು ವಾಲಿತ್ತು.
ಮುರಕಲ್ಲಿನ ಬಯಲು, ಮೊಣಕಾಲುದ್ದ ಮುಳಿಹುಲ್ಲು,
ಕಲ್ಲಿನ ಕುಳಿಗಳಲ್ಲಿ ಕಡಲೆಗಾತ್ರದ ನೀಲಿ ಹೂ.
ಬೈರಿಗೆ ಹನ್ನೊಂದು ಸೆಂಟಿಮೀಟರಿಗೆ
ಕಲ್ಲು ಕಚ್ಚಿ ಕಿರುಚಿತು.

ಇನ್ನೊಂದು ಗುಳಿ, ಹುಲ್ಲು ದಟ್ಟವಿದ್ದ ಕಡೆ,
ತೋಡಬೇಕಿತ್ತು. ನಿಯಮ ಹಾಗೇ ಇದೆ.
ಅಂಗೈಯಗಲ ಹೆಚ್ಚು ಮಣ್ಣು ಸಿಕ್ಕಿದ್ದರೆ ಏಳು:
ಮೇವಿಗೆ ಯೋಗ್ಯ.
ಐದು ಹತ್ತರ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ.
ಎಂಟು ಬರೆದೆ.

"ಎಂಟು ಅಂದರೆ ಎಂತ?"
"ಇಲ್ಲಿ ಏನೂ ಬರುವುದಿಲ್ಲ ಅಂತ."
ಅಕ್ಕು ಮಾತಾಡಲಿಲ್ಲ. ಗದ್ದದಿಂದ ತೋರಿಸಿದಳು.
ಅವಳ ಕೆಂಪು ಗಿಡ್ಡ ದನ ಅಲ್ಲೇ ಇತ್ತು,
ನಾಲಿಗೆ ಸುತ್ತಿ ಸುತ್ತಿ
ಎಂಟನೇ ವರ್ಗವನ್ನು ಮೇಯುತ್ತಿತ್ತು.
ಹರಿದ ಹುಲ್ಲಿನ ಸದ್ದು ಇಲ್ಲಿಯವರೆಗೆ ಕೇಳುತ್ತದೆ.

ಹತ್ತೊಂಬತ್ತು ವರ್ಷಕ್ಕೆ ಒಂದು ಕಡತ ಬಂತು ನನ್ನ ಮೇಜಿಗೆ.
ಕೈಗಾರಿಕಾ ಪ್ರದೇಶಕ್ಕೆ ಬೊಳ್ಳೆಪದವು;
ಆಕ್ಷೇಪ: ಇಲ್ಲ.
ಆಧಾರವಾಗಿ ಲಗತ್ತಿಸಿದ ಹಾಳೆಯಲ್ಲಿ
ನನ್ನದೇ ಅಕ್ಷರ, ಆಗ ದುಂಡಗಿತ್ತು.

ಹೋದೆ. ಯಂತ್ರ ಕಲ್ಲನ್ನು ಸಾಬೂನಿನ ಹಾಗೆ ಕುಯ್ಯುತ್ತಿತ್ತು.
ಮಂಗಳೂರಿನ ಕಂಪೌಂಡುಗಳಿಗೆ ಲೋಡು ಹೊರಟಿತ್ತು.
ಕೆಂಪು ಹೊಂಡದ ಅಂಚಿಗೇ ಅಕ್ಕುವಿನ ಮನೆ.
ಗುರುತು ಹಿಡಿದಳು. "ಆ ತೂತಿನ ಪುಸ್ತಕ ಉಂಟಾ ಈಗಲೂ?"
ಉಂಟು ಎಂದೆ, ಅವಳ ಹಾಗೆಯೇ.
ಚಹಾ ಕೊಟ್ಟಳು. ಪ್ಯಾಕೆಟಿನ ಹಾಲು.
ಕೊಟ್ಟಿಗೆಯಲ್ಲಿ ಯಾರದೋ ಬೈಕು.
ದನದ ಮಾತು ನಾನೂ ತೆಗೆಯಲಿಲ್ಲ.

ಅಂದು ಬಸ್ಸು ತಡವಾಗಿ ಬಂದಿತ್ತು,
ಐದೂ ಮುಕ್ಕಾಲಿಗೆ.
ಅಷ್ಟರಲ್ಲಿ ಎರಡು ಗುಳಿ ಆಗುತ್ತಿತ್ತು.