ರಾತ್ರಿ ಪಾಳಿ

ಭಾಂಡುಪ್, ಹದಿನಾಲ್ಕನೇ ಮಹಡಿ.
ಗ್ರಿಲ್ಲಿಗೆ ಹಬ್ಬಿದ ಹೀರೆಬಳ್ಳಿ
ಸಂಜೆ ಆರಕ್ಕೆ, ನಾನು ಸೀರೆಗೆ ಪಿನ್ನು ಚುಚ್ಚುವ ಹೊತ್ತಿಗೆ,
ಒಂದೊಂದೇ ಹಳದಿ ಬಿಚ್ಚುತ್ತದೆ.

"ನಿನ್ನ ಶಿರಾಳೆ ಬರೀ ಹೂವಿನ ಸೊಕ್ಕು, ಕಾಯಿ ಎಲ್ಲಿ?"
ಪಕ್ಕದ ಗ್ರಿಲ್ಲಿನಿಂದ ಘಾಡಿಗಾಂವ್ಕರ್ ಬಾಯಿ.
"ಮಣ್ಣು ಬದಲಿಸು. ಇಲ್ಲಾ ದೃಷ್ಟಿ ತೆಗೆ."

ಮಣ್ಣಿನದಲ್ಲ ಬಾಯಿ, ಹೊತ್ತಿನದು.
ಕೆಳಗೆ ಕಾಂಪೌಂಡಿನ ಹುಲ್ಲು ನೋಡಿ:
ಬಣ್ಣವಿಲ್ಲ, ಎಸಳಿಲ್ಲ, ಅತ್ತರಿಲ್ಲ,
ಕೇಸರಗಳನ್ನು ದಾರಕ್ಕೆ ಜೋತುಬಿಟ್ಟು
ಇದ್ದದ್ದನ್ನೆಲ್ಲ ತೂರಿಬಿಡುತ್ತದೆ.
ಗಾಳಿಗೆ ಕಣ್ಣಿಲ್ಲ; ಯಾರಿಗಾಗಿ ಸಿಂಗಾರ?
ಸ್ಟೇಷನ್ ರಸ್ತೆಯ ಹಾಲವಾಣ
ಎಲೆಯೆಲ್ಲ ಉದುರಿಸಿ ಕೆಂಪಗೆ ನಿಂತಾಗ
ಕಾಗೆ ಕೂಡ ಕೊಕ್ಕಿಳಿಸಿ ಕುಡಿದು
ಹಣೆಗೆ ಭಂಡಾರ ಬಳಿದುಕೊಂಡು ಹಾರುತ್ತದೆ.

ಹೀರೆಯದು ಬೇರೆ ಲೆಕ್ಕ.
ಗಂಡು ಹೂ ಗೊಂಚಲಲ್ಲಿ, ಹೆಣ್ಣು ಒಂಟಿ,
ಅರಳುವ ಮೊದಲೇ ಬೆನ್ನ ಹಿಂದೆ
ಕಿರುಬೆರಳಿನಷ್ಟು ಏಣುಗಾಯಿ ಕಟ್ಟಿಕೊಂಡವಳು.
ಪರಾಗ ಜಿಗುಟು, ಗಾಳಿಗೆ ಏಳದು.
ಕತ್ತಲಾದ ಮೇಲೆ ಬರುವವರಿಗಾಗಿ
ಮಬ್ಬಿನಲ್ಲೂ ಕಾಣುವ ತೆಳು ಹಳದಿ, ಒಂದಿಷ್ಟು ಕಂಪು.
ಬರಬೇಕಾದ ಪತಂಗಗಳು
ಎದುರು ಟವರಿನ ದೀಪಕ್ಕೆ ಸುತ್ತು ಹಾಕುತ್ತಿವೆ.

ಅದಕ್ಕೇ ವಾರ್ಡಿನಿಂದ ತಂದ ಹತ್ತಿಕಡ್ಡಿಯಲ್ಲಿ
ಅವನ ಪುಡಿ ಒರೆಸಿ
ಅವಳ ಶಲಾಕಾಗ್ರದ ಒದ್ದೆಗೆ ಮುಟ್ಟಿಸುತ್ತೇನೆ,
ಈಗಷ್ಟೇ ಹುಟ್ಟಿದ ಕೂಸಿನ ಕಣ್ಣು ಒರೆಸುವ ಹಗುರದಲ್ಲಿ.
ಆರೂ ನಲವತ್ತರ ಲೋಕಲ್ ಎರಡು ಸಲ ತಪ್ಪಿದೆ.
ಸಿಸ್ಟರ್ ಬೆಂಡಿಗೇರಿ, ಯಾಕೆ ತಡ?
ಏನು ಹೇಳಲಿ,
ಮನೆಯಲ್ಲಿ ಬಸಿರು ನಿಲ್ಲಿಸುತ್ತಿದ್ದೆ ಅನ್ನಲೆ?

ಮುಟ್ಟಿದ ಮೂರು ತಲೆ ಬಾಗಿಸಿ ದಪ್ಪವಾದವು.
ಮುಟ್ಟದವು ಬಾಡಿ, ತೊಟ್ಟು ಕಳಚಿ,
ಹದಿನಾಲ್ಕು ಮಹಡಿ ಇಳಿದವು.

ನಿನ್ನೆ ಏಸಿ ರಿಪೇರಿಗೆ ಬಂದ ಹುಡುಗ ಕೂಗಿದ.
ಡಬ್ಬದ ಹಿಂದೆ, ನನ್ನ ಕೈ ಎಂದೂ ಎಟುಕದ ಸಂದಿಯಲ್ಲಿ
ಮೊಳದುದ್ದದ ಒಂದು,
ಬಲಿತು, ನಾರಾಗಿ, ಅಲ್ಲಾಡಿಸಿದರೆ ಗಲಗಲ.

ಯಾರೋ ಆ ದೀಪಗಳನ್ನೆಲ್ಲ ದಾಟಿ ಬಂದಿದ್ದಾರೆ ಒಂದು ರಾತ್ರಿ,
ನಾನು ಐದನೇ ಹಾಸಿಗೆಯ ಸಲೈನು ಬದಲಿಸುತ್ತಿದ್ದಾಗ,
ನಾಲಿಗೆಯ ಸುರುಳಿ ಬಿಚ್ಚಿ, ಗಂಡಿನಿಂದ ಹೆಣ್ಣಿಗೆ,
ಪಾಳಿ ಮುಗಿಸಿ
ರಿಜಿಸ್ಟರಿನಲ್ಲಿ ಸಹಿ ಹಾಕದೆ ಹೋಗಿದ್ದಾರೆ.

ಸಿಪ್ಪೆ ಚಟ್ನಿಗೂ ಆಗದು ಇದರದ್ದು.
ಅರ್ಧ ಬೀಜ ಬಾಯಿಗೆ ಕೊಟ್ಟೆ.
"ರಾತ್ರಿ ಬಾಲ್ಕನಿಯ ಟ್ಯೂಬು ಆರಿಸಿಡಿ," ಎಂದೆ,
"ಬರುವವರು ಇದ್ದಾರೆ."