ಕಾಲಂ ಹದಿನೇಳು

ಹೋದ ವರ್ಷ ಸೊನ್ನಿ ಬರದಿದ್ದೆ.
ಅದರ ಹಿಂದಿನ ವರ್ಷಾನೂ ಸೊನ್ನಿ,
ದುಂಡಗ, ಹೆಡ್‌ಮಾಸ್ತರು ಮೆಚ್ಚೂಹಂಗ.

ಈ ಸಲ ತರಬೇತಿಯೊಳಗ
ಹಾವೇರಿಯಿಂದ ಬಂದಾಕಿ ಕೆಮ್ಮಿಕೋತ
(ಬ್ಯಾಡಗಿ ಗಾಳಿ, ಜನವರಿ, ಪ್ಯಾಟಿ ತುಂಬ ಚೀಲ)
ಅಂದ್ಲು: ನೂರಕ್ಕ ಹತ್ತೋ ಹನ್ನೆರಡೋ ಇರತಾವರೀ, ಎಲ್ಲಾ ಊರಾಗೂ.
ನಿಮ್ಮ ಸಾಲ್ಯಾಗ ಇಲ್ಲಂದ್ರ
ನೀವು ನೋಡಿಲ್ಲ ಅಂತ.

ಸಿಟ್ಟು ಬಂತು. ಚಾ ಕುಡೀಲಿಲ್ಲ.

ಮರುದಿನ ನಾಕನೇತ್ತಾ, ನಲವತ್ತೊಂದು ಹಾಜರಿ.
ಹೆಸರು ಕೂಗಿ, ಪೆನ್ನು ಎತ್ತಿ, ಮುಖ ನೋಡಿದೆ.
ಕೂಗೂದು ಬ್ಯಾರೆ, ನೋಡೂದು ಬ್ಯಾರೆ.

ಮಾಲತೇಶಗ ಒತ್ತಕ್ಷರ ಬಂದ್ರ ಸಾಲು ಕದಲತಾವಂತ.
ಬಾಯಿಲೆ ಕೇಳ್ರಿ,
ಮೂರೂವರಿ ಕ್ವಿಂಟಲ್ಲಿಗೆ ಎಷ್ಟಾತು ಅಂತ
ಥಟ್ಟನ ಹೇಳತಾನ.
ಜೂನದಿಂದ ಆ ಕಿವಿ ಎಷ್ಟು ಸಲ ಹಿಂಡೇನಿ, ಲೆಕ್ಕ ಇಟ್ಟಿಲ್ಲ.

ಗುಡ್ಡಪ್ಪ ಕುಂದ್ರಂಗಿಲ್ಲ.
‘ಕುಂಡಿಗೆ ಖಾರ ಹತ್ತೇತೇನಲೇ’ ಅಂತ
ಇಡೀ ಕ್ಲಾಸು ನಗಿಸಿದಾಕಿ ನಾನ.

ಶಿಫಾಗ ಎರಡ ಮಾತು: ನೀರು, ಬ್ಯಾಡ.
ಉಳಿದ ಹೊತ್ತೆಲ್ಲಾ ಕಿಡಕಿ ಸರಳಿಗೆ ಬೆರಳು ಹಚ್ಚಿ
ಹನ್ನೊಂದರ ತನಕ ಹೋಗಿ
ಮತ್ತ ಮೊದಲಿಂದ.

ನಾಕನೇದು ತುಂಗವ್ವ. ಐದನೇದರ ಹೆಸರು ಹೇಳಂಗಿಲ್ಲ,
ಅದು ನಮ್ಮ ಅಕ್ಕನ ಮಗ.

ಸಂಜಿಕ ಶಿಫಾನ ತಾಯಿ ಹತ್ರ ಹೋದೆ.
ತೊಟ್ಟು ಬಿಡಸಾಕ ಕುಂತಿದ್ಲು,
ಬಲಕ್ಕ ಕೆಂಪು, ಎಡಕ್ಕ ಬಿಳಿಗಾಯಿ,
ಕೈ ನೋಡದನ ಆರಸತಿತ್ತು.
‘ಬರೀಬ್ಯಾಡ್ರಿ ಬಾಯಾರ, ಬರದ ಮ್ಯಾಲ ಅಳಸಾಕ ಬರಂಗಿಲ್ಲ.’
ಕಣ್ಣು ಕೆಂಪಗಿದ್ವು. ಮೆಣಸಿನಕಾಯಿದೇನ ಅಂತ ಕೇಳಲಿಲ್ಲ.
ಸುಕ್ಕಿದ್ದಷ್ಟೂ ದರ ಜಾಸ್ತಿ ಅಲ್ಲೇನವಾ ನಿಮ್ಮ ಕಾಯಿಗೆ,
ಇಷ್ಟು ಬಾಯಿತನ ಬಂತು.
ನುಂಗಿದೆ.
ಕಾಯಿ ಮಾತು ಕಾಯಿಗೆ.
ಕೂಸಿಗೆ ಯಾವ ಪ್ಯಾಟಿ ಐತಿ?

ಪೆನ್ಸಿಲ್‌ಲೆ ಬರದೆ: ಐದು.
ಹೆಡ್‌ಮಾಸ್ತರು ಚಸ್ಮಾ ತಗದ್ರು.
‘ಹೋದ ವರ್ಷ ಸೊನ್ನಿ ಇತ್ತಲ್ಲ,
ಒಂದ ವರ್ಷದಾಗ ಐದು ಎಲ್ಲಿಂದ ಬಂದ್ವು?’
ಎಲ್ಲೂ ಹೋಗಿರಲಿಲ್ಲರಿ ಸರ, ಅಂದೆ.
ಇನ್ನೂ ಒಂದೆರಡು ಇರಬೇಕು,
ನನಗ ಕಾಣವಲ್ವು.

ಗಂಟಿ ಹೊಡದ ಮ್ಯಾಲೂ ಶಿಫಾ ಕಿಡಕ್ಯಾಗ ಇದ್ಲು.
ನಾನೂ ಬಗಲಿಗೆ ನಿಂತು ಎಣಿಸಿದೆ.
ಸರಳು ಹನ್ನೆರಡು ಅಂತ ತಿಳಿದಿದ್ದೆ ಒಂಬತ್ತು ವರ್ಷ.
ತುದಿದು ಯಾವಾಗೋ ಕಿತ್ತೇತಿ,
ಬರೇ ತೂತು ಉಳದೇತಿ.

ಹನ್ನೊಂದು.
ಮತ್ತ ಮೊದಲಿಂದ.